ಸಾವಧಾನ: ಪುಟಾಣಿಗಳ ತರಗತಿಯಲ್ಲಿ ಗಮನ ಮತ್ತು ಹೊಸತನ

ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಪಾಲನೆ ಹಾಗೂ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು ಎಂದು ನಮ್ಮ ಸಂವಿಧಾನದ 45ನೆಯ ಅನುಚ್ಛೇದವು, 2002ರ 86ನೆಯ ತಿದ್ದುಪಡಿಯ ತರುವಾಯ, ವಿಧಿಸುತ್ತದೆ. ಅದಕ್ಕೂ ಬಹಳ ಮೊದಲೇ, 1975ರ ಅಕ್ಟೋಬರ್ 2ರಂದು, ದೇಶದ 33 ಯೋಜನಾ ಪ್ರದೇಶಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆಯು ಆರಂಭವಾಗಿ, ಅಂಗನವಾಡಿ ಎಂಬ ಹೆಸರು ಹಳ್ಳಿ ಹಳ್ಳಿಯ ಮನೆಮಾತಾಯಿತು. ಮುಂಬಯಿಯ ಧಾರಾವಿ ಆ ಮೊದಲ ಪ್ರದೇಶಗಳಲ್ಲಿ ಒಂದಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಗುರುತಿಸಿತು. ಆ ಹಂತಕ್ಕೆಂದೇ ರೂಪಿಸಿದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2022ರಲ್ಲಿ ಹೊರಬಂದಿತು. ಆಟಿಕೆ, ಒಗಟು, ಬೊಂಬೆ, ಕಥೆಗಳನ್ನು ಒಳಗೊಂಡ ‘ಜಾದೂಯಿ ಪಿಟಾರಾ’ ಎಂಬ ಕಲಿಕಾ ಪೆಟ್ಟಿಗೆಯು 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು.

ಶಿಶುಶಿಕ್ಷಣವನ್ನು ಕುರಿತ ಇಂದಿನ ಚರ್ಚೆಗಳಲ್ಲಿ ಎರಡು ಇಂಗ್ಲಿಷ್ ಪದಗಳು ಪದೇ ಪದೇ ಕೇಳಿಬರುತ್ತವೆ. ಒಂದು ‘ಮೈಂಡ್‌ಫುಲ್‌ನೆಸ್’, ಇನ್ನೊಂದು ‘ಇನ್ನೋವೇಶನ್’. ವಡಾಲದಂತಹ ಕಿಕ್ಕಿರಿದ ಬಡಾವಣೆಯ ಒಂದು ಸಣ್ಣ ಕೋಣೆಯಲ್ಲಿ, ಮೂರು ನಾಲ್ಕು ವರ್ಷದ ಮಕ್ಕಳ ನಡುವೆ, ಈ ಎರಡು ಪದಗಳಿಗೆ ಯಾವ ಅರ್ಥವಿದೆ ಎಂಬುದನ್ನು ಪರಿಶೀಲಿಸುವುದು ಈ ಪಾಠದ ಉದ್ದೇಶ.

ಒಂದು ಪದದ ಎರಡು ಮುಖ

ಭಾಷಾಂತರವನ್ನೇ ವೃತ್ತಿಯಾಗಿ ಉಳ್ಳ ಈ ಲೇಖಕನಿಗೆ ‘ಇನ್ನೋವೇಶನ್’ ಎಂಬುದು ಅಷ್ಟಾಗಿ ತೊಂದರೆ ಕೊಡಲಿಲ್ಲ, ‘ಹೊಸತನ’ವೆಂದರೆ ಸಾಕು. ‘ಮೈಂಡ್‌ಫುಲ್‌ನೆಸ್’ ಮಾತ್ರ ಸುಲಭವಾಗಿ ಬಗ್ಗದು. ಬೌದ್ಧ ಗ್ರಂಥಗಳ ಪಾಳಿ ಪದವಾದ ‘ಸತಿ’ಗೆ ಈ ಇಂಗ್ಲಿಷ್ ಪದವನ್ನು 1881ರಲ್ಲಿ ಬಳಕೆಗೆ ತಂದವರು ರೀಸ್ ಡೇವಿಡ್ಸ್ ಎಂಬ ವಿದ್ವಾಂಸರು. ‘ಸತಿ’ ಎಂದರೆ ಸಂಸ್ಕೃತದ ‘ಸ್ಮೃತಿ’; ಮರೆಯದಿರುವಿಕೆ, ಎಚ್ಚರ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಅವರು ತೀರದ ನೋವಿನಿಂದ ಬಳಲುವ ರೋಗಿಗಳಿಗಾಗಿ ಒಂದು ಅಭ್ಯಾಸಕ್ರಮವನ್ನು ರೂಪಿಸಿದ ಮೇಲೆ ಆ ಪದವು ಆಸ್ಪತ್ರೆಯನ್ನು, ಅಲ್ಲಿಂದ ಮುಂದೆ ಶಾಲೆಯನ್ನು ಪ್ರವೇಶಿಸಿತು. ಬಿಹಾರದಿಂದ ಹೊರಟ ಮಾತು ಇಂಗ್ಲೆಂಡ್, ಅಮೆರಿಕಗಳನ್ನು ಸುತ್ತಿ ಈಗ ಕನ್ನಡದ ಬಾಗಿಲು ತಟ್ಟುತ್ತಿದೆ ಎನ್ನಬಹುದು.

ಕನ್ನಡದಲ್ಲಿ ಅದಕ್ಕೆ ‘ಅವಧಾನ’ ಎಂಬ ಪದವುಂಟು. ಅಷ್ಟಾವಧಾನ, ಶತಾವಧಾನಗಳನ್ನು ಕಂಡ ನಮಗೆ ಅದು ಅಪರಿಚಿತವಲ್ಲ. ಆದರೆ ಮಗುವಿನ ಕೋಣೆಗೆ ಅದಕ್ಕಿಂತ ಹೊಂದುವ ಪದ ‘ಸಾವಧಾನ’. ಮಗು ಹಾಲಿನ ಲೋಟ ಹಿಡಿದು ಹೊಸಿಲು ದಾಟುವಾಗ ಅಜ್ಜಿ ‘ಸಾವಧಾನವಾಗಿ ಬಾ’ ಎನ್ನುತ್ತಾಳೆ. ಅವಸರಪಡಬೇಡ, ಕೈಯಲ್ಲಿರುವುದನ್ನು ನೋಡಿಕೊ, ಚೆಲ್ಲಿದರೂ ಅಡ್ಡಿಯಿಲ್ಲ ಎಂಬ ಮೂರೂ ಅರ್ಥಗಳು ಆ ಒಂದು ಮಾತಿನಲ್ಲಿವೆ. ಇದೇ ಪದವು ಮರಾಠಿಯಲ್ಲಿಯೂ ಇದೆ. ಆದರೆ ಮುಂಬಯಿಯ ಶಾಲೆಯ ಅಂಗಳದಲ್ಲಿ ಕವಾಯತು ಮಾಡಿಸುವಾಗ ‘ಸಾವಧಾನ’ ಎಂದು ಕೂಗಿದರೆ ಮಕ್ಕಳು ಹಿಮ್ಮಡಿ ಜೋಡಿಸಿ, ಕೈ ಬಿಗಿಹಿಡಿದು, ಮರದ ಕಂಬದಂತೆ ನಿಲ್ಲಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಕೇಳಿ ಬೆಳೆಯುವ ವಡಾಲದ ಮಗುವಿಗೆ ಈ ಎರಡೂ ಅರ್ಥಗಳು ಒಟ್ಟಿಗೇ ಎದುರಾಗುತ್ತವೆ. ನಾವು ತರಗತಿಗೆ ತರಬೇಕೆಂದಿರುವ ಸಾವಧಾನ ಇವೆರಡರಲ್ಲಿ ಯಾವುದು ಎಂಬುದನ್ನು ಶಿಕ್ಷಕಿಯು ಮೊದಲು ನಿಶ್ಚಯಿಸಿಕೊಳ್ಳಬೇಕು. ಏಕೆಂದರೆ, ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುವ ಅಪಾಯವುಂಟು: ಎರಡರಲ್ಲಿಯೂ ಮಗು ಸದ್ದಿಲ್ಲದೆ ಇರುತ್ತದೆ.

ವಡಾಲದ ಒಂದು ಕೋಣೆ

ಮುಂಬಯಿ ನಗರದ ಪೂರ್ವ ಅಂಚಿನಲ್ಲಿ, ಬಂದರಿಗೂ ಮಾಟುಂಗಕ್ಕೂ ನಡುವೆ ವಡಾಲವಿದೆ. 1930ರ ಸತ್ಯಾಗ್ರಹದಲ್ಲಿ ಸಾವಿರಾರು ಜನ ನುಗ್ಗಿ ಉಪ್ಪು ತಂದದ್ದು ಇಲ್ಲಿನ ಕೋಠಿಗಳಿಂದಲೇ. ಆಷಾಢ ಏಕಾದಶಿಯಂದು ಪಂಢರಪುರಕ್ಕೆ ಹೋಗಲಾಗದವರು ಇಲ್ಲಿಯ ವಿಠ್ಠಲ ಮಂದಿರದ ಮುಂದೆ ಸಾಲುಗಟ್ಟುತ್ತಾರೆ. ಕನ್ನಡಿಗರಿಗೆ ವಡಾಲವೆಂದರೆ ಶ್ರೀರಾಮ ಮಂದಿರದ ಗಣೇಶೋತ್ಸವ, ಮತ್ತು ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ. ಹೋಟೆಲುಗಳಲ್ಲಿ ದುಡಿಯುತ್ತ ರಾತ್ರಿ ಶಾಲೆಗಳಲ್ಲಿ ಕಲಿತ ತಲೆಮಾರಿನ ಹಂಬಲವೇ ಮುಂಬಯಿಯ ಕನ್ನಡ ಶಾಲೆಗಳನ್ನು ಬೆಳೆಸಿತು. ಮುಂಬಯಿ ಮಹಾನಗರಪಾಲಿಕೆಯೂ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಆದಾಗ್ಯೂ ಕನ್ನಡ ಮಾಧ್ಯಮವನ್ನು ಆರಿಸುವ ಪೋಷಕರು ಕಡಿಮೆಯಾಗುತ್ತಿದ್ದಾರೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಮಗು ಮೂರನೆಯ ವರ್ಷಕ್ಕೇ ಇಂಗ್ಲಿಷ್, ಹಿಂದಿ ಅಥವಾ ಮರಾಠಿಯ ಕೋಣೆಗೆ ಕಾಲಿಡುತ್ತದೆ.

ಇಲ್ಲಿ ‘ಕನ್ನಡ ಮಗು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಉಡುಪಿ ಕಡೆಯ ಮನೆಯ ಮಗುವಿನ ಮೊದಲ ಮಾತು ತುಳುವಾಗಿರಬಹುದು, ಕೊಂಕಣಿಯಾಗಿರಬಹುದು. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗುವಿನ ಕನ್ನಡವೇ ಬೇರೆ. ಪುಸ್ತಕದ ಕನ್ನಡ ಅದಕ್ಕೆ ಅರ್ಧ ಪರಭಾಷೆ.

ಒಂದು ಕೋಣೆಯನ್ನು ಕಲ್ಪಿಸಿಕೊಳ್ಳೋಣ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಇಪ್ಪತ್ತೈದು ಮಕ್ಕಳು, ಒಂದು ಕಿಟಕಿ, ಕಿಟಕಿಯಾಚೆ ಹಾರ್ಬರ್ ಮಾರ್ಗದ ರೈಲು. ಮೂಲೆಯಲ್ಲಿ ನಾಲ್ಕು ವರ್ಷದ ಹುಡುಗಿ. ಶಾಲೆಗೆ ಸೇರಿ ಎರಡು ತಿಂಗಳಾಗಿದೆ. ಅಳುವುದಿಲ್ಲ, ಜಗಳವಾಡುವುದಿಲ್ಲ, ಹೇಳಿದ ಕಡೆ ಕುಳಿತುಕೊಳ್ಳುತ್ತಾಳೆ. ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಶಾಂತ ಸ್ವಭಾವ’ ಎಂದು ಬರೆಯಲಾಗುತ್ತದೆ. ವಾಸ್ತವವಾಗಿ ಅವಳಿಗೆ ಕೋಣೆಯಲ್ಲಾಡುವ ಮಾತಿನಲ್ಲಿ ಹತ್ತರಲ್ಲಿ ಎಂಟು ತಿಳಿದಿಲ್ಲ. ಹೊಸ ಭಾಷೆಯ ಪರಿಸರಕ್ಕೆ ಬಂದ ಮಕ್ಕಳಲ್ಲಿ ಕೆಲವರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತನಾಡದೆ ಕೇಳಿಸಿಕೊಳ್ಳುತ್ತಲೇ ಇರುತ್ತಾರೆ ಎಂಬುದು ಶಿಶುಶಿಕ್ಷಣ ತಜ್ಞರಿಗೆ ತಿಳಿದ ಸಂಗತಿ. ಇದು ದೋಷವಲ್ಲ. ಆದರೆ ಈ ಮೌನವನ್ನು ಒಳ್ಳೆಯ ನಡತೆಯೆಂದು ಹೊಗಳಿದರೆ ಮಗು ಅದರಲ್ಲೇ ನಿಲ್ಲುತ್ತದೆ. ಮಂದಬುದ್ಧಿಯೆಂದು ತೀರ್ಮಾನಿಸಿದರೆ ಅದರ ಮುಂದಿನ ಹತ್ತು ವರ್ಷಗಳ ಶಾಲೆಯೇ ಬೇರೆ ದಾರಿ ಹಿಡಿಯುತ್ತದೆ. ಗಲಾಟೆ ಮಾಡುವ ಮಗುವಿನ ಕಡೆಗೆ ಶಿಕ್ಷಕಿ ದಿನಕ್ಕೆ ಮೂವತ್ತು ಸಲ ತಿರುಗುತ್ತಾಳೆ. ಈ ಹುಡುಗಿಯ ಕಡೆಗೆ ತಿರುಗುವ ಕಾರಣವೇ ಅವಳಿಗೆ ಒದಗುವುದಿಲ್ಲ.

ಇಂತಹ ಕೋಣೆಗೆ ‘ಎಲ್ಲರೂ ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ’ ಎಂಬ ಅಭ್ಯಾಸವನ್ನು ಹಾಗೆಯೇ ತಂದಿಳಿಸಿದರೆ ಆಗುವುದೇನು? ಆ ಹುಡುಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವಳು ಸುಮ್ಮನಿರುವುದರಲ್ಲಿ ಈಗಾಗಲೇ ನಿಪುಣೆ.

ಸ್ಯಾನ್ ಲೊರೆಂಜೊದಿಂದ ಹಿಂದೂ ಕಾಲೊನಿಗೆ

ಸಣ್ಣ ಮಕ್ಕಳ ಗಮನವನ್ನು ಕುರಿತು ನಮಗಿರುವ ತಿಳಿವಳಿಕೆಯ ಬಹುಭಾಗ ಇಂತಹುದೇ ಒಂದು ಕಟ್ಟಡದಲ್ಲಿ ಹುಟ್ಟಿತು. 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕಾರ್ಮಿಕರ ಬಡಾವಣೆಯಲ್ಲಿ, ನಮ್ಮ ಚಾಳುಗಳನ್ನು ಹೋಲುವ ವಸತಿಕಟ್ಟಡದ ಒಂದು ಕೋಣೆಯಲ್ಲಿ, ಮರಿಯಾ ಮಾಂಟೆಸೊರಿಯವರು ‘ಮಕ್ಕಳ ಮನೆ’ಯನ್ನು ತೆರೆದರು. ತಂದೆತಾಯಿಗಳು ದುಡಿಯಲು ಹೋದಾಗ ಮಕ್ಕಳು ಮೆಟ್ಟಿಲು, ಗೋಡೆಗಳನ್ನು ಹಾಳು ಮಾಡುತ್ತಾರೆಂಬುದು ಕಟ್ಟಡದ ಒಡೆಯರ ಚಿಂತೆಯಾಗಿತ್ತು, ಶಿಕ್ಷಣವಲ್ಲ. ಅಲ್ಲಿ ಮೂರು ವರ್ಷದ ಒಬ್ಬ ಹುಡುಗಿ ಮರದ ಉರುಳೆಗಳನ್ನು ಅವುಗಳ ಗುಳಿಗಳಿಗೆ ಹೊಂದಿಸುವ ಕೆಲಸದಲ್ಲಿ ತೊಡಗಿದ್ದಳು. ಮಾಂಟೆಸೊರಿಯವರು ಉಳಿದ ಮಕ್ಕಳಿಂದ ಸುತ್ತಲೂ ಹಾಡಿಸಿದರು. ಕುರ್ಚಿಯ ಸಮೇತ ಅವಳನ್ನೆತ್ತಿ ಮೇಜಿನ ಮೇಲಿಟ್ಟರು. ಹುಡುಗಿ ಉರುಳೆಗಳನ್ನು ಮಡಿಲಿಗೆಳೆದುಕೊಂಡು ಮುಂದುವರಿದಳು. ನಲವತ್ತಕ್ಕೂ ಹೆಚ್ಚು ಸಲ ಅದೇ ಕೆಲಸ ಮಾಡಿ, ಯಾರೂ ಹೇಳದೆ, ತಾನೇ ನಿಲ್ಲಿಸಿ, ನಿದ್ದೆಯಿಂದೆದ್ದವಳಂತೆ ಸುತ್ತ ನೋಡಿದಳು. ಗಮನವು ಕೈಯ ಕೆಲಸದ ಮೂಲಕ ಬರುತ್ತದೆ, ಅದು ಬಂದಾಗ ಗದ್ದಲವೂ ಅದನ್ನು ಕದಡದು ಎಂಬುದು ಅವರಿಗೆ ಅಂದು ಮನವರಿಕೆಯಾಯಿತು.

‘ಮೌನದ ಆಟ’ವೂ ಅಲ್ಲಿಯದೇ. ತಾಯಿಯೊಬ್ಬಳ ಕೈಯಲ್ಲಿದ್ದ ನಾಲ್ಕು ತಿಂಗಳ ಕೂಸನ್ನು ಮಾಂಟೆಸೊರಿಯವರು ತರಗತಿಗೆ ಎತ್ತಿ ತಂದು, ಅದೆಷ್ಟು ನಿಶ್ಶಬ್ದವಾಗಿ ಉಸಿರಾಡುತ್ತದೆ ನೋಡಿ, ನಿಮ್ಮಿಂದ ಹಾಗಾದೀತೇ ಎಂಬ ಅರ್ಥದ ಮಾತಾಡಿದರು. ಮಕ್ಕಳು ಬಿಗುಮಾನದಿಂದಲ್ಲ, ಕುತೂಹಲದಿಂದ ತಮ್ಮ ಕೈಕಾಲುಗಳನ್ನು ತಾವೇ ತಡೆದುಕೊಂಡರು. ಕೋಣೆಯಲ್ಲಿ ಅದುವರೆಗೆ ಕೇಳದಿದ್ದ ಗಡಿಯಾರದ ಸದ್ದು ಕೇಳಿಸತೊಡಗಿತು. ಮುಂದೆ ಅವರು ಪಕ್ಕದ ಕೋಣೆಗೆ ಹೋಗಿ ಒಂದೊಂದೇ ಮಗುವಿನ ಹೆಸರನ್ನು ಪಿಸುದನಿಯಲ್ಲಿ ಕರೆಯುವ ರೂಢಿ ಮಾಡಿದರು.

1939ರಲ್ಲಿ ಮಾಂಟೆಸೊರಿಯವರು ಮದರಾಸಿನ ಅಡಯಾರಿಗೆ ಬಂದರು. ಯುದ್ಧ ಆರಂಭವಾಗಿ, ಇಟಲಿಯ ಪ್ರಜೆಯೆಂಬ ಕಾರಣಕ್ಕೆ ನಿರ್ಬಂಧಕ್ಕೊಳಗಾಗಿ, 1946ರವರೆಗೆ ಇಲ್ಲಿಯೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದರೆ ಅವರ ವಿಚಾರ ಪಶ್ಚಿಮ ಭಾರತಕ್ಕೆ ಅದಕ್ಕಿಂತ ಮೊದಲೇ ತಲುಪಿತ್ತು. ಭಾವನಗರದಲ್ಲಿ 1920ರಲ್ಲಿ ಗಿಜುಭಾಯಿ ಬಧೇಕ ಅವರು ಬಾಲಮಂದಿರ ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1936ರಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ ಶಿಶುವಿಹಾರವನ್ನು ಸ್ಥಾಪಿಸಿದರು. ವಡಾಲದಿಂದ ಅದು ನಡೆದೇ ಹೋಗಬಹುದಾದ ದೂರ.

ತಾರಾಬಾಯಿಯವರ ನಿಜವಾದ ಹೊಸತನ ಕಾಣುವುದು ಅವರು ಆ ಅನುಕೂಲಸ್ಥರ ಬಡಾವಣೆಯನ್ನು ಬಿಟ್ಟ ಮೇಲೆ. 1945ರಲ್ಲಿ ಬೋರ್ಡಿಗೆ, 1957ರಲ್ಲಿ ಕೋಸಬಾಡಿಗೆ ಹೋಗಿ, ಅನುತಾಯಿ ವಾಘ್ ಅವರ ಜೊತೆಗೂಡಿ ವಾರಲಿ ಬುಡಕಟ್ಟಿನ ಮಕ್ಕಳಿಗಾಗಿ ದುಡಿದರು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯನ್ನೇ ಹಾಡಿಯ ಅಂಗಳಕ್ಕೆ ಒಯ್ದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಸಿದರು. ಬೆಲೆಬಾಳುವ ಮಾಂಟೆಸೊರಿ ಸಾಮಗ್ರಿಯ ಸ್ಥಾನವನ್ನು ಕಲ್ಲು, ಬೀಜ, ಎಲೆ, ಚಿಪ್ಪುಗಳು ತುಂಬಿದವು. ಇಂದು ಹೊಸತನವೆಂದರೆ ಗೋಡೆಗೊಂದು ಪರದೆ, ಕೈಗೊಂದು ಸಾಧನ ಎಂದು ತಿಳಿಯುವವರು ಕೋಸಬಾಡಿನ ಕಥೆಯನ್ನು ಒಮ್ಮೆ ಓದಬೇಕು. ಅಲ್ಲಿ ಹೊಸದಾಗಿ ಕೊಂಡುಕೊಂಡದ್ದು ಬಹಳ ಕಡಿಮೆ.

1995ರಲ್ಲಿ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇದೇ ಬಗೆಯ ಯೋಚನೆ ಮತ್ತೆ ತಲೆಯೆತ್ತಿತು. ಮುಂಬಯಿಯಲ್ಲಿ ಆರಂಭವಾದ ‘ಪ್ರಥಮ್’ ಸಂಸ್ಥೆಯು ಕಟ್ಟಡಕ್ಕಾಗಿ ಕಾಯದೆ ದೇವಸ್ಥಾನದ ಜಗಲಿ, ಮನೆಯ ಮುಂಗೋಣೆ, ಸಂಘದ ಕಚೇರಿಗಳಲ್ಲಿ ಬಾಲವಾಡಿಗಳನ್ನು ನಡೆಸಿ, ಅದೇ ಬಸ್ತಿಯ ಯುವತಿಯರನ್ನೇ ಶಿಕ್ಷಕಿಯರನ್ನಾಗಿಸಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ರಿಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರು ‘ನಲಿ-ಕಲಿ’ಯನ್ನು ರೂಪಿಸಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಚಿತ್ರದ ಕಾರ್ಡುಗಳ ಮೂಲಕ, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಏಣಿ ಹತ್ತುವಂತೆ ಮಾಡಿದರು. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು, ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅಜ್ಜಿ ಹೇಳುವ ಸಾವಧಾನಕ್ಕೆ ಇದಕ್ಕಿಂತ ಹತ್ತಿರವಾದ ಶಾಲಾಪದ್ಧತಿ ಕನ್ನಡ ನಾಡಿನಲ್ಲಿ ಕಾಣಸಿಗುವುದು ಅಪರೂಪ.

ಕೋಣೆಯಲ್ಲಿ ಮಾಡಬಹುದಾದದ್ದು

ಈಗ ನಮ್ಮ ಹತ್ತಡಿ ಕೋಣೆಗೆ ಹಿಂದಿರುಗೋಣ. ವಡಾಲದಲ್ಲಿ ನಿಶ್ಶಬ್ದ ದೊರೆಯದು. ದೊರೆಯದಿರುವುದೇ ಒಳ್ಳೆಯದಾಯಿತು, ಸದ್ದನ್ನೇ ಪಾಠವಾಗಿಸಬಹುದು. ವಡಾಲ ರೋಡ್ ನಿಲ್ದಾಣದಲ್ಲಿ ಹಾರ್ಬರ್ ಮಾರ್ಗವು ಎರಡಾಗಿ ಒಡೆಯುತ್ತದೆ: ಒಂದು ಕವಲು ಕುರ್ಲಾ ಕಡೆಗೆ, ಇನ್ನೊಂದು ಬಾಂದ್ರಾ ಕಡೆಗೆ. ರೈಲಿನ ಸದ್ದು ದೂರದಿಂದ ಕೇಳಿದೊಡನೆ ಮಕ್ಕಳು ಒಂದು ಕೈ ಎತ್ತಬೇಕು. ಹತ್ತಿರ ಬಂದಂತೆ ಕೈ ಮೇಲೇರಬೇಕು. ಸದ್ದು ಪೂರ್ತಿ ಅಳಿದ ಮೇಲೆಯೇ ಕೈ ನೆಲ ಮುಟ್ಟಬೇಕು. ಕೊನೆಯ ಆ ಕ್ಷಣದಲ್ಲಿ, ಸದ್ದು ಇನ್ನೂ ಇದೆಯೋ ಇಲ್ಲವೋ ಎಂದು ಇಪ್ಪತ್ತೈದು ಮಕ್ಕಳು ಒಟ್ಟಿಗೆ ಕಿವಿಗೊಡುತ್ತಾರೆ. ಕಣ್ಣು ಮುಚ್ಚಿಸುವ ಅಗತ್ಯವಿಲ್ಲ. ಈ ಆಟಕ್ಕೆ ಭಾಷೆಯೂ ಬೇಡ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮೂಲೆಯ ಹುಡುಗಿ ಇಲ್ಲಿ ಯಾರಿಗೂ ಹಿಂದಲ್ಲ.

ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ತುಂಬಿದ ಬಟ್ಟಲು ಹಿಡಿದು ಸೀಮೆಸುಣ್ಣದ ಗೆರೆಯ ಮೇಲೆ ನಡೆಯುವುದು, ಹುಣಿಸೆಬೀಜವನ್ನೂ ಅವರೆಕಾಳನ್ನೂ ಬೇರ್ಪಡಿಸುವುದು, ಇವೆಲ್ಲ ಕೈಯ ಮೂಲಕ ಗಮನವನ್ನು ಕರೆತರುವ ಕೆಲಸಗಳು. ತಟ್ಟೆಯಲ್ಲಿ ತೆಳುವಾಗಿ ಉಪ್ಪು ಹರಡಿ ಬೆರಳಿನಿಂದ ಗೆರೆ, ವೃತ್ತ, ಅಕ್ಷರಗಳನ್ನು ತಿದ್ದಿಸಬಹುದು. ತಪ್ಪಿದರೆ ತಟ್ಟೆ ಅಲುಗಿಸಿದರಾಯಿತು, ಕೆಂಪು ಶಾಯಿಯ ಗುರುತು ಉಳಿಯುವುದಿಲ್ಲ. ತುಳುವರ ಮನೆಯಲ್ಲಿ ಚೆನ್ನೆಮಣೆಯಿದ್ದರೆ ತಂದುಕೊಡಲು ಕೇಳಬೇಕು. ಕಾಳನ್ನು ಒಂದೊಂದಾಗಿ ಗುಳಿಗೆ ಹಾಕುತ್ತ ಹೋಗುವಾಗ ಎಣಿಕೆಯೂ ಬರುತ್ತದೆ, ಕಾಯುವ ತಾಳ್ಮೆಯೂ ಬರುತ್ತದೆ. ಸಣ್ಣ ಕಾಳುಗಳನ್ನು ಮೂಗಿಗೆ, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಇವನ್ನು ಕೊಡಲಾಗದು. ಕೊಟ್ಟಾಗ ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತಿರಲೇಬೇಕು.

ಮನೆಮಾತನ್ನು ಕೋಣೆಯೊಳಗೆ ತರಲು ಶಿಕ್ಷಕಿಯು ಆ ಎಲ್ಲ ಭಾಷೆಗಳನ್ನೂ ಕಲಿಯಬೇಕಾಗಿಲ್ಲ. ನೀರು, ಹಸಿವು, ನೋವು, ಅಮ್ಮ, ಮೂತ್ರ, ಸಾಕು, ಇನ್ನೂ ಬೇಕು: ಹತ್ತು ಹನ್ನೆರಡು ಮಾತುಗಳನ್ನು ಪ್ರತಿ ಮನೆಯಿಂದ ಕೇಳಿ, ಬರೆದು, ಗೋಡೆಗೆ ಅಂಟಿಸಿಕೊಂಡರೆ ಮೊದಲ ತಿಂಗಳು ಕಳೆಯಬಹುದು. ವಾರಕ್ಕೊಮ್ಮೆ ಒಬ್ಬ ತಾಯಿ ಅಥವಾ ಅಜ್ಜಿ ಬಂದು ತಮ್ಮ ಭಾಷೆಯಲ್ಲಿ ಒಂದು ಕಥೆ ಹೇಳಲಿ. ಕನ್ನಡ ಬಲ್ಲವರು ಪಂಜೆ ಮಂಗೇಶರಾಯರ, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ಹಾಡಲಿ. ಅರ್ಥ ತಿಳಿಯದ ಮರಾಠಿ ಮಗುವೂ ಆ ಲಯಕ್ಕೆ ಚಪ್ಪಾಳೆ ತಟ್ಟುತ್ತದೆ. ಅಂದು ಮಾತ್ರ ಮೂಲೆಯ ಹುಡುಗಿಗೆ ಎಲ್ಲವೂ ತಿಳಿಯುತ್ತದೆ, ಉಳಿದವರಿಗೆ ಅರ್ಧ. ತಿಂಗಳಿಗೊಮ್ಮೆಯಾದರೂ ಹೀಗೆ ತಕ್ಕಡಿ ಇತ್ತ ವಾಲುವುದು ನ್ಯಾಯ.

ಎಚ್ಚರಿಕೆಯ ಮಾತು

ದೆಹಲಿ ಸರ್ಕಾರವು 2018ರ ಜುಲೈಯಲ್ಲಿ ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ ‘ಹ್ಯಾಪಿನೆಸ್’ ಪಠ್ಯಕ್ರಮವನ್ನು ಆರಂಭಿಸಿದಾಗ, ಗಮನದ ಅಭ್ಯಾಸಗಳ ಜೊತೆಗೆ ಕಥೆ ಮತ್ತು ಚಟುವಟಿಕೆಗಳನ್ನೂ ಸೇರಿಸಿತು. ಆ ಜೋಡಣೆ ಸರಿಯಾದುದೇ. ಆದರೆ ಧ್ಯಾನದ ಅಭ್ಯಾಸವೊಂದನ್ನೇ ತಂದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆಗೆ ಆಧಾರ ಸಾಲದು. ಬ್ರಿಟನ್ನಿನ ಎಂಬತ್ತಕ್ಕೂ ಹೆಚ್ಚು ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು, ಇಂತಹ ಪಾಠಗಳಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ವಾಡಿಕೆಯ ಶಾಲಾ ಕ್ರಮಕ್ಕಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲವೆಂದು ತಿಳಿಸಿತು. ಆ ಮಕ್ಕಳು ಹನ್ನೊಂದು ವರ್ಷ ದಾಟಿದವರು. ಮೂರು ವರ್ಷದವರ ವಿಷಯವನ್ನು ಅದರಿಂದ ನೇರವಾಗಿ ತೀರ್ಮಾನಿಸಲಾಗದು. ಆದರೂ ಹುಮ್ಮಸ್ಸಿಗೆ ಅದೊಂದು ಲಗಾಮು.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆಯಿದೆ. ಮಕ್ಕಳ ಗಮನದ ಬಗ್ಗೆ ಇಷ್ಟೆಲ್ಲ ಹೇಳುವ ನಾವು ಶಿಕ್ಷಕಿಯ ಗಮನದ ಬಗ್ಗೆ ಏನು ಮಾಡಿದ್ದೇವೆ? ಅಂಗನವಾಡಿ ಕಾರ್ಯಕರ್ತೆಯು ಮಕ್ಕಳ ತೂಕ ನೋಡಬೇಕು, ಪೂರಕ ಆಹಾರ ಹಂಚಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, 2021ರಿಂದೀಚೆಗೆ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು. ಅವಳ ಕಣ್ಣು ಯಾವಾಗಲೂ ಮುಂದಿನ ಕೆಲಸದ ಮೇಲಿರುತ್ತದೆ. 2023ರಲ್ಲಿ ಆರಂಭವಾದ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮವು ಪೋಷಣೆಯ ಜೊತೆಗೆ ಕಲಿಕೆಯನ್ನೂ ಅಂಗನವಾಡಿಯ ಮುಖ್ಯ ಹೊಣೆಯೆಂದು ಸಾರಿದೆ. ಅದಕ್ಕೆ ತಕ್ಕ ಬಿಡುವು ಅವಳಿಗೆ ದೊರೆಯಬೇಕಾಗಿದೆ. ದಿನಕ್ಕೆ ಹತ್ತು ನಿಮಿಷ ಏನನ್ನೂ ಬರೆಯದೆ, ಏನನ್ನೂ ಹಂಚದೆ, ಒಂದೇ ಮಗುವನ್ನು ಸುಮ್ಮನೆ ನೋಡುವ ಅವಕಾಶ ಸಿಕ್ಕರೆ ತಿಂಗಳಲ್ಲಿ ಎಲ್ಲ ಮಕ್ಕಳ ಸರದಿ ಬಂದುಹೋಗುತ್ತದೆ. ನಮ್ಮ ಹುಡುಗಿಯ ದಿನ ಬಂದಾಗ, ಅವಳು ರೈಲಿನ ಸದ್ದಿಗೆ ಉಳಿದವರಿಗಿಂತ ಮೊದಲೇ ಕೈಯೆತ್ತುತ್ತಾಳೆಂಬುದೂ, ತನ್ನಷ್ಟಕ್ಕೆ ತುಟಿಯಲ್ಲಾಡಿಸಿ ಕಾಳು ಎಣಿಸುತ್ತಾಳೆಂಬುದೂ ಕಂಡುಬಂದೀತು. ಆಗ ದಾಖಲೆ ಪುಸ್ತಕದ ‘ಶಾಂತ ಸ್ವಭಾವ’ವನ್ನು ಹೊಡೆದುಹಾಕಬಹುದು.

ಶಾಲೆ ಬಿಡುವ ವೇಳೆಗೆ ಮೌನದ ಆಟವನ್ನು ಆಡಿಸುವುದು ಒಳ್ಳೆಯದು. ಬಾಗಿಲಲ್ಲಿ ನೂಕುನುಗ್ಗಲು ತಪ್ಪುತ್ತದೆ. ಶಿಕ್ಷಕಿಯು ಬಾಗಿಲಾಚೆ ನಿಂತು ಒಂದೊಂದೇ ಹೆಸರನ್ನು ಮೆಲ್ಲಗೆ ಕರೆಯಬೇಕು. ಹಾಜರಿ ಪುಸ್ತಕದ ಉದ್ದ ಹೆಸರಿಗಿಂತ ಮನೆಯವರು ಕರೆಯುವ ಹೆಸರಾದರೆ ಇನ್ನೂ ಮೇಲು. ಅದನ್ನು ಮೊದಲೇ ತಾಯಿಯಿಂದ ಕೇಳಿಟ್ಟುಕೊಂಡಿರಬೇಕು. ಕರೆದ ಮಗು ಚಾಪೆ ತುಳಿಯದೆ, ಯಾರಿಗೂ ತಾಗದೆ ಎದ್ದು ಬರಬೇಕು. ಬಹಳ ಹೊತ್ತು ಕಾಯುವುದು ಚಿಕ್ಕವರಿಗೆ ಕಷ್ಟವಾದ್ದರಿಂದ ಅವರನ್ನು ಮೊದಲು ಕರೆಯಬೇಕು. ಮೂಲೆಯ ಹುಡುಗಿಯನ್ನು ಕೊನೆಗೆ ಬಿಡಬಾರದು. ನಾಲ್ಕನೆಯವಳಾಗಿಯೋ ಐದನೆಯವಳಾಗಿಯೋ, ಉಳಿದವರು ಇನ್ನೂ ಕಿವಿಗೊಟ್ಟು ಕುಳಿತಿರುವಾಗಲೇ, ಅವಳ ಹೆಸರನ್ನು ಕರೆದು, ‘ಸಾವಧಾನ ಬಾ’ ಎನ್ನಬೇಕು.